ಅರಗು ಕಳೆದು ಉಳಿದ ತೂಕ

ಬ್ಯಾಂಕಿನಲ್ಲಿ ನನ್ನ ಕುರ್ಚಿ ಕಿಟಕಿಗೆ ಬೆನ್ನು ಹಾಕಿದೆ.
ಇಪ್ಪತ್ತೆರಡು ವರ್ಷ, ಎದುರಿಗೆ ಬಂದ ಬಂಗಾರಕ್ಕೆಲ್ಲ
ಒರೆಗಲ್ಲಿನ ಮೇಲೆ ಒಂದು ಗೀಟು, ಒಂದು ಹನಿ ಆಸಿಡ್ಡು,
ಹರಳು ಕಳೆ, ಅರಗು ಕಳೆ, ಉಳಿದದ್ದು ಬರೆ.
ಮೌನೇಶಾಚಾರಿ ಅಂದ ಮೇಲೆ ಮ್ಯಾನೇಜರೂ ಎರಡನೇ ಸಲ ಕೇಳುವುದಿಲ್ಲ.

ಕಾಳಪ್ಪ ಮಾಮ ಹೋದ ಮೇಲೆ
ತೀನ್ ಕಂದೀಲಿನ ಸ್ಟುಡಿಯೋ ಖಾಲಿ ಮಾಡಿದೆವು.
ನನ್ನ ಪಾಲಿಗೆ ಬಂತು ಈ ಮುಕ್ಕಾಲಿ ಪ್ರಾಣಿ:
ಕರೇ ಬಟ್ಟೆಯ ಮುಸುಕು, ಹಿತ್ತಾಳೆಯ ಮೂಗು.
ಗುಜರಿ ಹಾಜಿಮಿಯಾ ಒಂದು ಕೈಯಲ್ಲಿ ಎತ್ತಿ ನೋಡಿದ:
"ಕಟಿಗಿ ಒಲಿಗಿ. ಹಿತ್ತಾಳಿ ಕಿಲೋಕ್ಕ ನಾನೂರು.
ಏನಂತೀರಿ ಆಚಾರ್ರ?"

ಏನನ್ನಲಿ?
ಹೈದರಾಬಾದಿನವನೊಬ್ಬ ಇಂಥವು ಕೊಳ್ಳುತ್ತಾನೆಂದು ಫೋನು ಹಚ್ಚಿದೆ.
ಪ್ಲೇಟು ಎಷ್ಟು ಇಂಚು, ಗಾಜಿಗೆ ಬೂಸ್ಟು ಹಿಡಿದಿದೆಯೇ,
ಬೆಲ್ಲೋಸು ಸೋರುತ್ತದೆಯೇ ಅಂದ.
ಬೆಲ್ಲೋಸೆಂದರೆ ತಿದಿ. ಅದೊಂದು ಗೊತ್ತು ನನಗೆ,
ಏಳನೇ ವಯಸ್ಸಿನಿಂದ ಊದಿದ್ದೇನೆ.

ರಾತ್ರಿ ಕರೆಂಟು ಹೋಯಿತು,
ಇಲ್ಲೇ ಪಕ್ಕಕ್ಕೆ ಶಕ್ತಿನಗರ ಇಟ್ಟುಕೊಂಡು.
ತಿದಿಯ ಹೊಟ್ಟೆಗೆ ಟಾರ್ಚು ಇಳಿಸಿ ನೋಡಿದೆ:
ಮಡಿಕೆಯ ಮೂಲೆಗಳಲ್ಲಿ ಸೂಜಿ ತೂತು. ನಾನು ಎಣಿಸಿದ್ದು ಹದಿನೇಳು,
ಹೆಂಡತಿ ಎಣಿಸಿದ್ದು ಹತ್ತೊಂಬತ್ತು.
ಅವಳದೇ ಬರೆದುಕೊಂಡೆ.

ಬೆಳಿಗ್ಗೆ ಕಣ್ಣಿಗೆ ಲೂಪು ಹಚ್ಚಿದರೆ ಮೂಗಿನ ಅಂಚಿಗೆ
ಲಂಡನ್ನು, ಐದಂಕಿ, ಗಾಜಿನೊಳಗೆ ಒಂದು ಗುಳ್ಳೆ.
ನನ್ನ ಕಸುಬಿನಲ್ಲಿ ಗುಳ್ಳೆ ಅಂದರೆ ಮೋಸ.
ಅವನು ಹಿಗ್ಗಿದ: "ಗುಳ್ಳೆ ಇದ್ದರೆ ಒಳ್ಳೇದೇ, ಹಳೇ ಗಾಜು.
ಪೆಟ್ಟಿಗೆ ಮೇಲೆ ಕಂಪನಿ ಹೆಸರು ನೋಡಿ."

ಹೆಸರಿನ ತಗಡು ಇಲ್ಲ.
ತಗಡು ಇದ್ದ ತೂತೂ ಇಲ್ಲ.
ಅಡಿ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿದೆ.
ಸಾಗುವಾನಿಯ ಮೇಲೆ ಪೆನ್ಸಿಲಿನಲ್ಲಿ ಕಾಗೆಕಾಲು,
ಅದರ ಕೆಳಗೆ ಅಂಗುಲದ ಲೆಕ್ಕ, ಒಂದು ಅಳಿಸಿ ಇನ್ನೊಂದು.
ಎಲ್ಲೋ ನೋಡಿದ್ದೇನೆ ಇದನ್ನ.
ಅಟ್ಟ ಹತ್ತಿ, ನಾನು ಮಲಗಿದ್ದ ತೊಟ್ಟಿಲು ಬೋರಲು ಹಾಕಿದೆ.
ಅದೇ ಮೂರು ಗೀಟು. ಅವ್ವನ ಅಪ್ಪ ಈರಣ್ಣಾಚಾರಿ,
ಅಂಗೂಠಾ ಬಿಟ್ಟರೆ ಇದೊಂದೇ ಅವನ ಸಹಿ.

"ಓ, ಲೋಕಲ್ಲಾ!" ಹೈದರಾಬಾದಿನ ದನಿ ತಣ್ಣಗಾಯಿತು.
"ಲೆನ್ಸು ಬಿಚ್ಚಿ ಕಳಿಸಿ, ಹನ್ನೊಂದು ಸಾವಿರ.
ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ."
ನಾನು ದಿನಾ ಮಾಡುವ ಕೆಲಸವೇ, ತಪ್ಪು ಹುಡುಕಲು ಬರುವುದಿಲ್ಲ:
ಅರಗಿನ ಹಾಗೆ ಅಜ್ಜನನ್ನು ಕಳೆದ.

ಪ್ಲೇಟಿನ ಡಬ್ಬಿಯ ತಳದಲ್ಲಿ ಒಂದು ಗುಂಡಿನ ಸರ.
ರೂಢಿ, ಉಜ್ಜಿಯೇ ಬಿಟ್ಟೆ: ಶುದ್ಧ ಹಿತ್ತಾಳೆ.
ಹೆಣ್ಣು ನೋಡುವ ಫೋಟೋಕ್ಕೆ ಬಂದ ಬೋಳು ಕೊರಳಿಗೆಲ್ಲ
ಮಾಮ ಹಾಕುತ್ತಿದ್ದ ಸರ.
ಮಾನ್ವಿಯಿಂದ ದೇವದುರ್ಗದ ತನಕ ಅಜ್ಜಿಯರು
ಗೋಡೆಯ ಮೇಲೆ ಇದನ್ನೇ ಹಾಕಿಕೊಂಡಿದ್ದಾರೆ.

ಸೋಮವಾರ ಕೌಂಟರಿಗೆ ಹುಲಿಗೆಮ್ಮ ಬಂದಳು,
ಸೆರಗಿನಲ್ಲಿ ಸುತ್ತಿದ ಫೋಟೋ, ಗಾಜು ಸೀಳಿದ್ದು.
"ನಮ್ಮವ್ವನ ಕೊಳ್ಳಾಗಿನ ಸರ ನೋಡ್ರಿ.
ಪಾಲಿನ್ಯಾಗ ಇದನ್ನ ಮುಚ್ಚಿಟ್ಟಾರ ನಮ್ಮಣ್ಣಗೋಳು.
ಹನ್ನೆರಡು ವರ್ಸಾತು ಮಾತು ಬಿಟ್ಟು.
ಎಷ್ಟು ತೊಲಿ ಇದ್ದೀತು, ಹೇಳ್ರಿ."

ಲೂಪು ಹಚ್ಚಿದೆ. ಗುಂಡು ಗುಂಡಿಗೂ
ಸ್ಟುಡಿಯೋದ ಕಿಟಕಿ, ಸಾಸಿವೆಯಷ್ಟು.
ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು, ಅಲ್ಲ, ಅವಳ ಹಿಂದೆ.
ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು,
ಬಹುಶಃ ಹದಿಮೂರು ಸಾವಿರ.
"ಕೂಡ್ರಿ ಯವ್ವ," ಅಂದೆ,
"ಅಣ್ಣಗೋಳ ಫೋನ್ ನಂಬರ್ ಐತೇನ್ರಿ?"